ಹಳೆಯ ಹೈಬ್ರಿಡ್ ಕಾರು: ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಹಳೆಯ ಕಾರನ್ನು ಕೊಳ್ಳಹೊರಟವರಿಗೆ ಗ್ಯಾರೇಜಿನ ಅನುಭವಸ್ಥರು ಹೇಳಿಕೊಡುವ ಕೆಲವು ಪರೀಕ್ಷೆಗಳಿವೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸದ್ದು ಕೇಳುವುದು, ಕ್ಲಚ್ಚು ಒತ್ತಿ ಗೇರು ಬದಲಿಸಿ ನೋಡುವುದು, ಬ್ರೇಕ್ ಪ್ಯಾಡಿನ ಸವೆತ ನೋಡಿ ಗಾಡಿ ಎಷ್ಟು ಓಡಿರಬಹುದೆಂದು ಅಂದಾಜು ಮಾಡುವುದು ಇತ್ಯಾದಿ. ಹೈಬ್ರಿಡ್ ಕಾರಿನ ಮುಂದೆ ಈ ವಿದ್ಯೆಯಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬರುವುದಿಲ್ಲ. ಗುಂಡಿ ಒತ್ತಿದರೆ ಸದ್ದೇ ಇಲ್ಲ, ಒತ್ತಲು ಕ್ಲಚ್ಚಿಲ್ಲ, ಬಹಳ ಓಡಿದ ಗಾಡಿಯಲ್ಲೂ ಬ್ರೇಕ್ ಪ್ಯಾಡು ಹೊಸದರಂತೆ ಕಾಣಬಹುದು. ಹಾಗಾದರೆ ಏನನ್ನು ನೋಡಬೇಕು? ಮನೆಯವರು ಲಕ್ಷಗಟ್ಟಲೆ ಹಣ ಕೊಟ್ಟು ಇಂಥ ಕಾರು ಕೊಳ್ಳುವಾಗ, ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇಲ್ಲಿ ನೆರವಿಗೆ ಬರುತ್ತದೆ.

ಹೈಬ್ರಿಡ್ ಎಂದರೆ ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಜೊತೆಗೂಡಿ ಎಳೆಯುವ ಕಾರು. ಟೊಯೋಟಾ ಕಂಪನಿಯ ಪ್ರಿಯಸ್ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಯಿತು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನೋವಾ ಹೈಕ್ರಾಸ್ ಕಾರುಗಳ ಹೈಬ್ರಿಡ್ ಮಾದರಿಗಳೂ ಅಲ್ಲಿಂದಲೇ ಹೊರಟವು. ಕೊಳ್ಳುವವರು ಮೊದಲು ಗಮನಿಸಬೇಕಾದ ವಿಷಯವೊಂದಿದೆ. ಹಿಂಬದಿಯಲ್ಲಿ ‘ಹೈಬ್ರಿಡ್’ ಎಂಬ ಬಿಲ್ಲೆ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 2015ರಿಂದ ಬಂದ ಸಿಯಾಜ್‌ನಂಥ ಕೆಲವು ಕಾರುಗಳಲ್ಲಿ ಸಣ್ಣ ಮೋಟಾರು ಇಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ತಾನೊಬ್ಬನೇ ಗಾಡಿಯನ್ನು ಎಳೆಯುವುದಿಲ್ಲ. ಇದು ಸೌಮ್ಯ ಹೈಬ್ರಿಡ್. ಕ್ಯಾಮ್ರಿ, ಪ್ರಿಯಸ್ ಮುಂತಾದವು ಪೂರ್ಣ ಹೈಬ್ರಿಡ್‌ಗಳು. ಇಲ್ಲಿ ಹೇಳುವುದು ಈ ಎರಡನೆಯ ಜಾತಿಯ ಕುರಿತು.

ಇವುಗಳ ಮರ್ಮವೇನು? 1500 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅದರ ಚಲನಶಕ್ತಿ ಸುಮಾರು 2 ಲಕ್ಷ 8 ಸಾವಿರ ಜೂಲ್. ಸಾಧಾರಣ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಇದೆಲ್ಲ ಪ್ಯಾಡಿನ ಘರ್ಷಣೆಯಲ್ಲಿ ಶಾಖವಾಗಿ ಗಾಳಿಯ ಪಾಲಾಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಡೈನಮೋ ಆಗಿ ತಿರುಗಿ, ಈ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಪ್ಯಾಡುಗಳಿಗೆ ಕೆಲಸ ಕಡಿಮೆಯಾದ್ದರಿಂದಲೇ ಅವು ಸವೆಯುವುದಿಲ್ಲ. ಟೊಯೋಟಾ ವ್ಯವಸ್ಥೆಯಲ್ಲಿ ಇಂಜಿನ್ನು, ಎರಡು ಮೋಟಾರುಗಳು ಮತ್ತು ಚಕ್ರಗಳು ಗ್ರಹಗೇರಿನ ಮೂಲಕ ಬೆಸೆದುಕೊಂಡಿರುತ್ತವೆ. ಪ್ರತ್ಯೇಕ ಸ್ಟಾರ್ಟರ್ ಮೋಟಾರಾಗಲಿ ಆಲ್ಟರ್ನೇಟರಾಗಲಿ ಇಲ್ಲ. ಆದ್ದರಿಂದ ವೇಗ ಹೆಚ್ಚಿಸಿದಾಗ ಇಂಜಿನ್ನಿನ ಸದ್ದು ಒಮ್ಮೆಲೇ ಏರಿ, ಗಾಡಿ ನಿಧಾನವಾಗಿ ಅದನ್ನು ಹಿಂಬಾಲಿಸಿದರೆ ಗಾಬರಿ ಬೇಡ, ಅದು ಈ ಜಾತಿಯ ಸ್ವಭಾವ.

ಇನ್ನು ಬ್ಯಾಟರಿಗೆ ಬರೋಣ. ಹಳೆಯ ಹೈಬ್ರಿಡ್‌ನ ಬೆಲೆಯೆಲ್ಲ ನಿಂತಿರುವುದು ಇದರ ಮೇಲೆ. 2013ರ ಕ್ಯಾಮ್ರಿಯಲ್ಲಿ ಹಿಂದಿನ ಸೀಟಿನ ಹಿಂಬದಿಗೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದೆ. ಒಂದೊಂದು ಕೋಶದ ವೋಲ್ಟೇಜು 1.2. ಇಂಥ 6 ಕೋಶಗಳು ಸೇರಿ 7.2 ವೋಲ್ಟಿನ ಒಂದು ಮಾಡ್ಯೂಲ್, 34 ಮಾಡ್ಯೂಲುಗಳು ಸಾಲಾಗಿ ಸೇರಿ 244.8 ವೋಲ್ಟು. ಸಾಲು ಜೋಡಣೆಯ ಗುಣ ನಿಮಗೆ ಗೊತ್ತೇ ಇದೆ: 204 ಕೋಶಗಳಲ್ಲಿ ಒಂದು ಸೋತರೂ ಅದರ ಭಾರ ಇಡೀ ಸಾಲಿನ ಮೇಲೆ. ಕಾರಿನ ಕಂಪ್ಯೂಟರು ಎರಡೆರಡು ಮಾಡ್ಯೂಲುಗಳನ್ನು ಒಂದು ಗುಂಪಾಗಿ ಅಳೆಯುತ್ತದೆ, ಒಟ್ಟು 17 ಗುಂಪು, ಒಂದೊಂದೂ 14.4 ವೋಲ್ಟು. ತಪಾಸಣೆಯ ಸ್ಕ್ಯಾನರನ್ನು ಜೋಡಿಸಿ, ಗಾಡಿಯನ್ನು ಏರಿನಲ್ಲಿ ಜೋರಾಗಿ ಓಡಿಸುವಾಗ ಈ 17 ಅಂಕಿಗಳನ್ನು ನೋಡಬೇಕು. ಎಲ್ಲವೂ ಒಟ್ಟಿಗೆ ಇಳಿದು ಒಟ್ಟಿಗೆ ಏರಿದರೆ ಚಿಂತೆಯಿಲ್ಲ. ಒಂದು ಗುಂಪು ಮಾತ್ರ ಉಳಿದವಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಕುಸಿದರೆ, ಅಲ್ಲೊಂದು ಕೋಶ ಸತ್ತಿದೆ ಅಥವಾ ಸಾಯುತ್ತಿದೆ ಎಂದು ತಿಳಿಯಬಹುದು. ನಿಂತಲ್ಲೇ ನೋಡಿದರೆ ಈ ದೋಷ ಕಾಣದೆ ಹೋಗಬಹುದು.

ಸ್ಕ್ಯಾನರ್ ಇಲ್ಲದವರು ಮುಂದಿನ ಫಲಕದ ಬ್ಯಾಟರಿ ಚಿತ್ರವನ್ನೇ ಗಮನಿಸಲಿ. ಅರ್ಧ ಗಂಟೆಯ ಓಟದಲ್ಲಿ ಅದರ ಗೆರೆಗಳು ನಿಧಾನವಾಗಿ ಏರಿಳಿಯಬೇಕು. ಐದು ನಿಮಿಷದಲ್ಲಿ ತುಂಬಿ ಐದು ನಿಮಿಷದಲ್ಲಿ ಬರಿದಾದರೆ ಬ್ಯಾಟರಿಯ ಧಾರಣಶಕ್ತಿ ಕುಗ್ಗಿದೆ. ಹಿಂದಿನ ಸೀಟಿನ ಬಳಿಯಿಂದ ಫ್ಯಾನಿನ ಸದ್ದು ಬಿಡದೆ ಕೇಳುತ್ತಿದ್ದರೆ ಬ್ಯಾಟರಿ ಬಿಸಿಯಾಗುತ್ತಿದೆ ಎಂದರ್ಥ. ಆ ಫ್ಯಾನು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ, ಅದರ ಜಾಲರಿಯಲ್ಲಿ ಧೂಳು, ಬಟ್ಟೆಯ ನೂಲು, ನಾಯಿಯ ಕೂದಲು ಕಟ್ಟಿಕೊಂಡಿದೆಯೇ ನೋಡಿ. ಎಷ್ಟೋ ಬ್ಯಾಟರಿಗಳ ಆಯುಸ್ಸನ್ನು ಈ ಕಸವೇ ಕಡಿಮೆ ಮಾಡುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕಾರು ‘ಕಡಿಮೆ ಓಡಿದ ಗಾಡಿ’ ಎಂದು ಜಂಬದಿಂದ ಮಾರಾಟಕ್ಕೆ ಬರುತ್ತದೆ. ಬ್ಯಾಟರಿಯ ಮಟ್ಟಿಗೆ ದಿನವೂ ಓಡಿದ ಕಾರೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

‘ಬ್ಯಾಟರಿ ರಿಪೇರಿ ಆಗಿದೆ’ ಎಂದು ಮಾರುವವರು ಹೇಳಿದರೆ ಬಿಲ್ಲು ಕೇಳಿ. ಪೂರ್ತಿ ಬದಲಾಯಿಸಿದ್ದಾರೋ, ಸೋತ ಒಂದೆರಡು ಮಾಡ್ಯೂಲು ತೆಗೆದು ಬೇರೆ ಕಡೆಯ ಹಳೆಯದನ್ನು ಕೂರಿಸಿದ್ದಾರೋ ತಿಳಿಯಬೇಕು. ಎರಡನೆಯದಾದರೆ ಉಳಿದ ಮಾಡ್ಯೂಲುಗಳ ವಯಸ್ಸು ಹಾಗೆಯೇ ಉಳಿದಿರುತ್ತದೆ. 2022ರ ಹೈರೈಡರ್, ಹೈಕ್ರಾಸ್‌ಗಳ ಬ್ಯಾಟರಿಗೆ ಕಂಪನಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಟ್ಟಿದೆ. ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಸರ್ವೀಸ್ ದಾಖಲೆಯೊಂದಿಗೆ ತಾಳೆ ನೋಡಬೇಕು.

ಸ್ಕ್ಯಾನರ್ ತೋರಿಸುವ ದೋಷಸಂಖ್ಯೆಗಳಲ್ಲಿ ಪಿ0ಎ80 ಎಂಬುದು ಬಂದರೆ ದೊಡ್ಡ ಬ್ಯಾಟರಿ ಬದಲಿಸುವ ಕಾಲ ಬಂದಿದೆ ಎಂದು. ಯಾವ ಸಂಖ್ಯೆಯೂ ಬಾರದಿದ್ದರೆ? ಪೂರ್ತಿ ನಂಬುವ ಹಾಗಿಲ್ಲ. ಹಿಂದಿನ ದಿನವೇ ಯಾರಾದರೂ ಅವನ್ನು ಅಳಿಸಿರಬಹುದು. ಹಾಗೆ ಅಳಿಸಿದಾಗ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ ಆರಂಭವಾಗಿ, ಸ್ಕ್ಯಾನರಿನಲ್ಲಿ ‘ಅಪೂರ್ಣ’ ಎಂದು ಕಾಣುತ್ತವೆ. ಆಗ ಕಾರಣ ಕೇಳಬೇಕು. ಬ್ರೇಕ್ ಮೇಲೆ ಕಾಲಿಡದೆ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಟೊಯೋಟಾ ಕಾರುಗಳಲ್ಲಿ ಎಚ್ಚರಿಕೆಯ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಇಂಜಿನ್ ದೀಪ ಆಗಲೂ ಹೊತ್ತದಿದ್ದರೆ ಅದನ್ನು ಬೇಕೆಂದೇ ಮುಚ್ಚಿಟ್ಟಿರುವ ಸಂಭವವಿದೆ.

ಈ ಕಾರಿನಲ್ಲಿ 12 ವೋಲ್ಟಿನ ಇನ್ನೊಂದು ಸಣ್ಣ ಬ್ಯಾಟರಿಯೂ ಇರುತ್ತದೆ. ಕಂಪ್ಯೂಟರನ್ನು ಎಬ್ಬಿಸುವುದು ಅದರ ಕೆಲಸ. ಅದು ಸೊರಗಿದರೆ ಫಲಕದಲ್ಲಿ ಹತ್ತಾರು ದೀಪಗಳು ಸುಮ್ಮನೆ ಹೊತ್ತಿ, ‘ರೆಡಿ’ ಎಂಬ ದೀಪ ಮಾತ್ರ ಬರುವುದಿಲ್ಲ. ಇದು ಸಣ್ಣ ಖರ್ಚಿನ ವಿಷಯ. ಆದರೆ ದೊಡ್ಡ ದೋಷವನ್ನು ಇದರ ತಲೆಗೆ ಕಟ್ಟುವವರೂ ಉಂಟು. ಹೊಸ ಸಣ್ಣ ಬ್ಯಾಟರಿ ಹಾಕಿಸಿ ಮತ್ತೆ ತೋರಿಸಿ ಎಂದರಾಯಿತು.

ಬ್ರೇಕಿನ ಸಮಸ್ಯೆ ಇಲ್ಲಿ ತಿರುವುಮುರುವು. ಪ್ಯಾಡು ಸವೆಯುವುದಿಲ್ಲವಾದರೂ ಕೆಲಸವಿಲ್ಲದೆ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಳ್ಳುತ್ತವೆ. ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಖಾಲಿ ಮೈದಾನದಲ್ಲಿ, ಅನುಭವವುಳ್ಳ ಚಾಲಕರು ನಿಧಾನ ವೇಗದಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಲಿ. ನ್ಯೂಟ್ರಲ್‌ನಲ್ಲಿ ಮೋಟಾರು ಡೈನಮೋ ಆಗುವುದಿಲ್ಲ, ಹಾಗಾಗಿ ನಿಲ್ಲಿಸುವ ಭಾರವೆಲ್ಲ ಪ್ಯಾಡುಗಳ ಮೇಲೇ ಬೀಳುತ್ತದೆ. ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಕರಕರ ಸದ್ದು ಬಂದರೆ ದೋಷವಿದೆ. ಇನ್ನೊಂದು ಗುರುತು: ನಿಂತ ಗಾಡಿಯಲ್ಲಿ ಬ್ರೇಕ್ ಒತ್ತದೆಯೇ ಕೆಲವು ಸೆಕೆಂಡಿಗೊಮ್ಮೆ ಪಂಪು ‘ಗುರ್ರ್’ ಎನ್ನುತ್ತಿದ್ದರೆ ಬ್ರೇಕ್ ಒತ್ತಡ ಒಳಗೇ ಸೋರುತ್ತಿದೆ. ಇದರ ರಿಪೇರಿ ದುಬಾರಿ. ಟೈರುಗಳಿಗೆ ಮಾತ್ರ ಎಲ್ಲ ಕಾರುಗಳಿಗೂ ಒಂದೇ ನಿಯಮ, ಮೇಲಿನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು.

ನೀರಿನಲ್ಲಿ ಮುಳುಗಿದ ಹೈಬ್ರಿಡ್ ಕಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ದುಬಾರಿ ಕಾರುಗಳು ಹೇಗೆ ನೀರಲ್ಲಿ ನಿಂತಿದ್ದವೆಂದು ಟೀವಿಯಲ್ಲಿ ಎಲ್ಲರೂ ನೋಡಿದ್ದೇವೆ. ಇಂಥವು ತೊಳೆದು ಒರೆಸಿಕೊಂಡು ದೂರದ ಊರುಗಳ ಮಾರುಕಟ್ಟೆಗೆ ಬರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಕಲೆ ಇದೆಯೇ ನೋಡಿ. ಹಿಂದಿನ ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರ ಇಡುವ ಗುಂಡಿ, ಕಾರ್ಪೆಟ್ಟಿನ ಅಡಿಭಾಗ, ಸೀಟಿನ ಕೆಳಗಿನ ಬೋಲ್ಟುಗಳನ್ನೂ ಬಿಡಬೇಡಿ.

ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟಿನ ಸೂಚನೆ. ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಹರಿಯುವುದು ಪ್ರಾಣಾಪಾಯದ ವಿದ್ಯುತ್ತು. ಅವನ್ನು, ಬ್ಯಾಟರಿಯ ಪೆಟ್ಟಿಗೆಯನ್ನು ಮುಟ್ಟಲೇಬಾರದು. ತರಬೇತಿ ಪಡೆದವರು ಕೂಡ ಸಂಪರ್ಕ ತಪ್ಪಿಸಿ, ಕೆಪ್ಯಾಸಿಟರುಗಳು ಬರಿದಾಗಲೆಂದು ಕೆಲವು ನಿಮಿಷ ಕಾದು, ನಿರೋಧಕ ಕೈಚೀಲ ತೊಟ್ಟೇ ಕೆಲಸಕ್ಕಿಳಿಯುತ್ತಾರೆ. ‘ರೆಡಿ’ ದೀಪ ಹೊತ್ತಿರುವಾಗ ಬಾನೆಟ್ಟಿನೊಳಗೆ ಕೈ ಹಾಕುವುದೂ ತಪ್ಪು. ಸದ್ದಿಲ್ಲದೆ ನಿಂತ ಇಂಜಿನ್ನು ಬ್ಯಾಟರಿ ಇಳಿದ ಕ್ಷಣ ತಾನಾಗಿಯೇ ಹೊರಳಬಹುದು. ನೀವು ನೋಡಬಹುದಾದದ್ದು ತಂಪುದ್ರವದ ತೊಟ್ಟಿಗಳು. ಇಂಜಿನ್ನಿಗೊಂದು, ಇನ್ವರ್ಟರಿಗೊಂದು ಇರುತ್ತದೆ. ಎರಡರಲ್ಲೂ ಮಟ್ಟ ಸರಿಯಿದೆಯೇ ಎಂದು ಹೊರಗಿನಿಂದಲೇ ತಿಳಿಯುತ್ತದೆ.

ಕೊನೆಗೆ ಕಾಗದಪತ್ರ. ಆರ್.ಸಿ.ಯಲ್ಲಿನ ಚಾಸಿಸ್, ಇಂಜಿನ್ ಸಂಖ್ಯೆಗಳು ಗಾಡಿಯ ಮೇಲಿನವಕ್ಕೆ ಹೊಂದಬೇಕು. ವಿಮೆ, ಹೊಗೆ ತಪಾಸಣೆಯ ಪತ್ರ, ಬಾಕಿ ದಂಡ ನೋಡಬೇಕು. ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ಬಗ್ಗೆ ನಮೂನೆ 35 ಬೇಕು. ಹೊರರಾಜ್ಯದ ಗಾಡಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರದ ಜೊತೆಗೆ ಇಲ್ಲಿನ ತೆರಿಗೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಮಾರಾಟವಾದ ಮೇಲೆ ನಮೂನೆ 29 ಮತ್ತು 30 ತುಂಬಿ ಆರ್.ಟಿ.ಓ. ಕಚೇರಿಗೆ ಕೊಡಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಕಾಲಾವಕಾಶವಿದೆ. ವಿಮೆಯ ಹೆಸರನ್ನೂ ಜೊತೆಜೊತೆಗೇ ಬದಲಾಯಿಸಿಕೊಳ್ಳಬೇಕು.