ನಾಟಕದ ಡೇರೆಯ ಹಿತ್ತಲು

ಬನದ ಹುಣ್ಣಿಮೆಗೆ ತೇರು ಎಳೆದಾದ ಮೇಲೂ ಬನಶಂಕರಿ ಜಾತ್ರೆ ಮುಗಿಯುವುದಿಲ್ಲ. ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಮುಂದೆ ವಾರಗಟ್ಟಲೆ ರಾತ್ರಿಗಳೆಲ್ಲ ನಾಟಕ ಕಂಪನಿಗಳದ್ದೇ. ಹರಿದ್ರಾ ತೀರ್ಥದ ಕಲ್ಲು ಮಂಟಪ ಬಿಟ್ಟು, ಬಾಗಿಲು ಚೌಕಟ್ಟು ಮಾರುವವರ ಸಾಲು ದಾಟಿ, ಮಿರ್ಚಿ ಕರಿಯುವ ಹೊಗೆಯೊಳಗಿಂದ ಹೊರಬಿದ್ದರೆ ತಗಡು ಹೊದ್ದ ಥಿಯೇಟರುಗಳು ಸಿಗುತ್ತವೆ. ಮುಂದೆ ಟಿಕೆಟ್ಟಿನ ನೂಕುನುಗ್ಗಲು. ನಾನು ನೋಡಬೇಕೆಂದಿದ್ದುದು ಹಿಂದೆ ನಿಂತಿರುವ ಜನರೇಟರುಗಳನ್ನು.

ಅಂಗಡಿಯವರ ಬಳಿ ಇರುವುದು ಇಬ್ಬರು ಎತ್ತಿಡಬಹುದಾದ ಸಣ್ಣ ಯಂತ್ರ. ಗಾಳಿಯಿಂದಲೇ ತಣಿಯುವ ಒಂಟಿ ಸಿಲಿಂಡರ್, ನಿಮಿಷಕ್ಕೆ 3000 ಸುತ್ತು, ಕಿವಿ ಹರಿಯುವ ಸದ್ದು. ಥಿಯೇಟರ್ ಹಿಂದಿನವು ಟ್ರಾಲಿ ಮೇಲೆ ಬರುತ್ತವೆ; 1500 ಸುತ್ತಿನಲ್ಲಿ ನಿಧಾನ ಗುಡುಗುತ್ತವೆ. ಎರಡರಿಂದಲೂ ಬರುವುದು 50 ಹರ್ಟ್ಜ್ ಕರೆಂಟೇ. ಸಾಲಿನಲ್ಲಿ ಕಿರ್ಲೋಸ್ಕರ್ ಇಂಜಿನ್ನೂ ಇತ್ತು. ಕಿರ್ಲೋಸ್ಕರ್ ಉದ್ಯಮವನ್ನು ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ. ಒಂದೇ ಊರಿನ ಹೆಸರು ರಂಗದ ಮೇಲೂ ರಂಗದ ಹಿಂದೂ!

ಮೊದಲ ಟ್ರಾಲಿಯ ಸೈಲೆನ್ಸರ್ ಜೋಡಣೆಯಿಂದ ಡಾಂಬರಿನಂಥ ಕರಿ ಜಿನುಗು ಇಳಿಯುತ್ತಿತ್ತು. ಇಂಜಿನ್ ಆಯಿಲ್ ಸೋರುತ್ತಿದೆಯೇ ಎಂದೆ. ಆಪರೇಟರ್ ನಕ್ಕ. “ಇಲ್ರಿ ಸರ್, ಇದಕ್ಕ ದುಡಿಮಿ ಸಾಲವಲ್ದು.”

ಮಾತು ಅಕ್ಷರಶಃ ನಿಜ. ಇದು 25 ಕೆವಿಎ ಯಂತ್ರ, ಅಂದರೆ ಸುಮಾರು 20 ಕಿಲೋವ್ಯಾಟ್ ಹೊರಬಲ್ಲದು. ಹ್ಯಾಲೊಜನ್ ದೀಪಗಳ ಕಾಲದಲ್ಲಿ ಅಷ್ಟೂ ಬೇಕಿತ್ತು. ಈಗ ರಂಗಕ್ಕೆಲ್ಲ ಎಲ್‌ಇಡಿ. ಫ್ಯಾನು, ಮೈಕು ಸೇರಿಸಿದರೂ ನಾಲ್ಕು ಕಿಲೋವ್ಯಾಟ್ ಆದೀತು. ಹೀಗೆ ತಾಸುಗಟ್ಟಲೆ ಓಡಿದರೆ ಸಿಲಿಂಡರ್ ಬೇಕಾದಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಮಸಿಯೊಂದಿಗೆ ಬೆರೆತು ನಾಝಲ್ ತುದಿ, ವಾಲ್ವ್, ಸೈಲೆನ್ಸರುಗಳಿಗೆ ಅಂಟುತ್ತದೆ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹುಕಾಲ ಓಡಿಸಬಾರದು ಎನ್ನುವುದು ಇದಕ್ಕೇ. ಹೆಚ್ಚು ಹೊರೆ ಹಾಕಿದರೆ ಯಂತ್ರ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಸುಮ್ಮನೆ ಓಡಿಸಿದರೂ ಕೆಡುತ್ತದೆಂದರೆ ನಂಬುವವರು ಕಡಿಮೆ. ಇವನ ಬಳಿ ಮದ್ದಿದೆ. ಮೂಲೆಗೆ ಬಿದ್ದಿದ್ದ ಸಾವಿರ ವ್ಯಾಟಿನ ಹತ್ತು ಹಳೆಯ ಹ್ಯಾಲೊಜನ್‌ಗಳನ್ನು ಆಗಾಗ ಎರಡು ತಾಸು ಉರಿಸುತ್ತಾನೆ. ಲೋಡು ಶೇ. 70ಕ್ಕೆ ಏರಿ, ಸೈಲೆನ್ಸರ್ ಕಾದು, ಅಂಟಿದ್ದರಲ್ಲಿ ಬಹುಪಾಲು ಸುಟ್ಟುಹೋಗುತ್ತದೆ. ಡೀಸೆಲ್ ದಂಡ ಎಂದು ಮಾಲೀಕರು ಗೊಣಗುತ್ತಾರಂತೆ.

ಹೊಗೆಯ ಬಣ್ಣ ನೋಡಿಯೇ ಇವರು ಅರ್ಧ ಕಾಯಿಲೆ ಹೇಳುತ್ತಾರೆ. ಕಪ್ಪಾದರೆ ಗಾಳಿ ಸಾಲದು, ಇಲ್ಲವೇ ಲೋಡು ಮಿತಿಮೀರಿದೆ. ನೀಲಿಯಾದರೆ ಇಂಜಿನ್ ಆಯಿಲೇ ಉರಿಯುತ್ತಿದೆ. ಪುಷ್ಯದ ಚಳಿಯಲ್ಲಿ ಶುರು ಮಾಡಿದಾಗ ಬಿಳಿ ಹೊಗೆ ಬರುವುದು ಸಹಜ. ಕಾದ ಮೇಲೂ ನಿಲ್ಲದಿದ್ದರೆ ನಾಝಲ್ ನೋಡಬೇಕು, ಡೀಸೆಲ್ಲಿಗೆ ನೀರು ಸೇರಿದೆಯೇ ಎಂದೂ ನೋಡಬೇಕು. ಜಾತ್ರೆಯಲ್ಲಿ ಕಪ್ಪು ಹೊಗೆಗೆ ಮೊದಲ ಕಾರಣ ಧೂಳು. ಏರ್ ಫಿಲ್ಟರಿನ ಕಾಗದದ ಎಲಿಮೆಂಟಿಗೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಬಿಡಬೇಕು. ಹೊರಗಿನಿಂದ ಊದಿದರೆ ಧೂಳು ಇನ್ನೂ ಒಳಕ್ಕೆ ಕೂರುತ್ತದೆ.

ಪಕ್ಕದ ಡೇರೆಯಲ್ಲಿ ಅಷ್ಟರಲ್ಲಿ ದೀಪ ಹೋಯಿತು, ಶಿಳ್ಳೆ ಶುರು. ಟ್ಯಾಂಕ್ ಬರಿದಾಗಿ ಪೈಪಿಗೆ ಗಾಳಿ ಹೊಕ್ಕಿತ್ತು. ಡೀಸೆಲ್ ಸುರಿದರಷ್ಟೇ ಸಾಲದು, ಏರ್ ಲಾಕ್ ಬಿಡಿಸಬೇಕು. ಹುಡುಗನೊಬ್ಬ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತತೊಡಗಿದ. ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಧಾರೆ, ಬಿಗಿದ. ಆಮೇಲೆ ನಾಝಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ತಿರುವಿ ಸ್ಟಾರ್ಟರ್ ಒತ್ತಿಸಿದ. ಅವನ ಬೆರಳು ನಟ್ಟಿನ ಹತ್ತಿರವೇ ಇದ್ದದ್ದು ಕಂಡು ನನಗೆ ಎದೆ ಧಸಕ್ಕೆಂದಿತು. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗಬಲ್ಲದು. ಗಾಯ ಸೂಜಿಮೊನೆಯಷ್ಟಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಅರಿಶಿನ ಹಚ್ಚಿ ಕೂರುವಂಥದ್ದಲ್ಲ.

ಇಂಜಿನ್ ಓಡಿದರೂ ಕರೆಂಟ್ ಬಾರದಿದ್ದರೆ ದೋಷ ಹೆಚ್ಚಾಗಿ ಆಲ್ಟರ್ನೇಟರಿನದು. ಬಹಳ ದಿನ ನಿಂತ ಯಂತ್ರದಲ್ಲಿ ಉಳಿಕೆ ಕಾಂತತ್ವ ಅಳಿದಿರಬಹುದು. ಬ್ಯಾಟರಿ ಮುಟ್ಟಿಸಿ ಅದನ್ನು ಮರಳಿ ಹುಟ್ಟಿಸುವುದು ಬಲ್ಲ ಎಲೆಕ್ಟ್ರಿಷಿಯನ್ನನ ಕೆಲಸ. ಚೇಂಜ್‌ಓವರ್ ಸ್ವಿಚ್ಚಿನ ವಿಷಯದಲ್ಲಂತೂ ರಾಜಿ ಸಲ್ಲದು. ಅದಿಲ್ಲದೆ ಜನರೇಟರನ್ನು ನೇರ ವೈರಿಂಗಿಗೆ ಸಿಕ್ಕಿಸಿದರೆ ಕರೆಂಟ್ ಲೈನಿಗೆ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬ ಹತ್ತಿದ ಲೈನ್‌ಮನ್ನನ ಜೀವ ತೆಗೆಯಬಹುದು. ಹೊಗೆಯೂ ಅಷ್ಟೇ ಅಪಾಯದ್ದು. ಚಳಿಯೆಂದು ಯಂತ್ರಕ್ಕೆ ತಾಡಪತ್ರಿ ಹೊದಿಸಿ ಅದರ ಬೆಚ್ಚಗಿನಲ್ಲಿ ಮಲಗುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಬೆಳಗಿನ ಜಾವ ನಾಟಕ ಮುಗಿದಾಗ ಮೊದಲ ಡೇರೆಯ ಆಪರೇಟರ್ ಬ್ರೇಕರ್ ಇಳಿಸಿ, ಲೋಡಿಲ್ಲದೆ ಐದು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಿದ. ಫಿಲ್ಟರ್ ಬುಡದ ನೀರು ಬಸಿದ. ಇಂಜಿನ್ ಆರಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದ. ಮುಂದಿನ ವರ್ಷ 10 ಕೆವಿಎ ತಂದರೆ ಸಾಕು, ಡೀಸೆಲ್ಲೂ ಉಳಿಯುತ್ತದೆ, ಇಂಜಿನ್ನೂ ಬಾಳುತ್ತದೆ ಎಂಬುದು ಇವನ ಲೆಕ್ಕ. ಮಾಲೀಕರಿಗೆ ಒಪ್ಪಿಗೆಯಿಲ್ಲ. ಎದುರಿನ ಕಂಪನಿಯವರು ತಂದಿರುವುದು 62.5 ಕೆವಿಎಯದ್ದು.