ಮಂಗನ ಮೇಲೆ ಗೂಬೆ, ಬಾವಲಿಯ ಮೇಲೆ ಅನುಮಾನ!

ಶಿವಮೊಗ್ಗ: ಕಾಡಿನಲ್ಲಿ ಒಂದು ಮಂಗ ಸತ್ತಿತೆಂದರೆ ಸಾಕು, ಮಲೆನಾಡಿನ ಊರುಗಳಿಗೆ ಎದೆ ಝಲ್ಲೆನ್ನುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆ, ಸೊಪ್ಪಿಗೆ ಅಂತ ಕಾಡಿಗೆ ಹೋದ ಜನ ಜ್ವರ ಹಿಡಿದು ಮಲಗಿದರು. ಅಂದಿನಿಂದ ಈ ಪೀಡೆಗೆ 'ಮಂಗನ ಕಾಯಿಲೆ' ಎಂದೇ ಹೆಸರು. ಪಾಪ, ಮಂಗ ಮಾಡಿದ್ದಾದರೂ ಏನು? ಮನುಷ್ಯನ ಹಾಗೆ ಅದೂ ಸಾಯುತ್ತದೆ. ಕಚ್ಚಿ ಅಂಟಿಸುವುದು ಉಣುಗು.

ಇಷ್ಟು ಎಲ್ಲರೂ ಬಲ್ಲರು. ಬಾವಲಿಯ ಸಮಾಚಾರ ಮಾತ್ರ ಅಷ್ಟಾಗಿ ಹೊರಬಿದ್ದಿಲ್ಲ. ಹುಳ ಹಿಡಿದು ತಿನ್ನುವ ಒಂದು ಜಾತಿಯ ಸಣ್ಣ ಬಾವಲಿಯಲ್ಲಿ ಮತ್ತು ಮೆದು ಮೈಯ ಒಂದು ಬಗೆಯ ಉಣುಗಿನಲ್ಲಿ ಇದೇ ವೈರಸ್ ಸಿಕ್ಕಿತೆಂದು ವಿಜ್ಞಾನಿಗಳು 1969ರಲ್ಲೇ ವರದಿ ಮಾಡಿದ್ದಾರೆ. ಮಂಗನ ಕಾಯಿಲೆ ಹರಡುವ ಕಾಡುಣುಗು ದರಗಿನಲ್ಲಿ, ಹುಲ್ಲಿನ ತುದಿಯಲ್ಲಿ ಹೊಂಚು ಹಾಕಿ ಕೂರುವ ಜಾತಿ. ಮೆದು ಮೈಯದ್ದು ಹಾಗಲ್ಲ. ಬಿರುಕು, ಪೊಟರೆಯಲ್ಲಿ ಅವಿತು, ಮಲಗಿದ ಪ್ರಾಣಿಯ ರಕ್ತ ಹೀರಿ, ಮತ್ತೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಗಟ್ಟಿ ಪಿಂಡ!

ಕಾಯಿಲೆ ಜೋರಾಗುವುದು ಡಿಸೆಂಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ವೈರಸ್ ಎಲ್ಲಿ ಅಡಗಿರುತ್ತದೆ? ಉಣುಗಿನ ಹೊಟ್ಟೆಯಲ್ಲಿ, ಇಲಿ-ಸೊಂಡಿಲಿಗಳಲ್ಲಿ ಎನ್ನುವುದು ಹಳೆಯ ಉತ್ತರ. ಬಾವಲಿಯ ಗವಿಯೂ ಅಂಥದ್ದೊಂದು ಗೋದಾಮು ಇರಬಹುದೇ ಎನ್ನುವ ಅನುಮಾನಕ್ಕೆ ಇಲ್ಲೇ ಜಾಗ.

ಇದೇನು ಬರೀ ಕಟ್ಟುಕಥೆಯಲ್ಲ. ಮಧ್ಯ ಏಷ್ಯಾದಲ್ಲಿ 'ಇಸಿಕ್‌ಕುಲ್' ಎಂಬ ವೈರಸ್ ಬಾವಲಿಯಲ್ಲೂ ಅದರ ಮೈಯ ಉಣುಗಿನಲ್ಲೂ ಸಿಕ್ಕಿದೆ. 1982ರಲ್ಲಿ ತಜಿಕಿಸ್ತಾನದ ಜನರಿಗೆ ಅದರಿಂದ ಜ್ವರವೂ ಬಂತು.

ಹಾಗಂತ ಗವಿಗೆ ಹೊಗೆ ಹಾಕಲು ಹೊರಟರೆ ಅದು ಬುದ್ಧಿಗೇಡು. ಮಲೆನಾಡಿನಲ್ಲಿ ಬಾವಲಿಯಿಂದ ಮನುಷ್ಯನಿಗೆ ಈ ಕಾಯಿಲೆ ಬಂತೆಂದು ಯಾರೂ ಸಾಬೀತು ಮಾಡಿಲ್ಲ. ಬಾವಲಿ ರಾತ್ರಿಯಿಡೀ ತಿನ್ನುವುದು ಹುಳಗಳನ್ನು. ರೈತನಿಗೆ ಅದು ಲಾಭವೇ.

ಜನರಿಗೆ ಕಚ್ಚುವುದು ಹೆಚ್ಚಾಗಿ ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗು. ಕೊಟ್ಟಿಗೆಗೆ ದರಗು ತರುವಾಗ ಅದೂ ಜೊತೆಗೆ ಮನೆಗೆ ಬರುತ್ತದೆ. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಕಾಡಿಗೆ ಹೋಗುವವರು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ತಕ್ಷಣ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ನೆನೆಹಾಕಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು.