ದಿವಾಳಿ ಅರ್ಜಿಗೂ ಮೊದಲು ಬೇಕು ಮನೆಯ ನಿಜವಾದ ಲೆಕ್ಕ

ಇವತ್ತಿನ ವಿಷಯ ಸ್ವಲ್ಪ ಭಾರವಾದದ್ದು. ಸಾಲ ಕೈಮೀರಿದೆ, ಒಂದು ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ ಮಾಡ್ತಾ ಇದ್ದೀವಿ, ದಿವಾಳಿ ಅರ್ಜಿ ಹಾಕಿಬಿಡೋದೇ ವಾಸಿಯಾ ಅನ್ನುವ ಯೋಚನೆ ಬಂದಿರುವ ಮನೆಗಳಿಗಾಗಿ ಈ ಸಂಚಿಕೆ. ವಕೀಲರ ಹತ್ತಿರ ಹೋಗುವ ಮೊದಲು, ಬ್ಯಾಂಕಿನವರ ಮುಂದೆ ಕೂರುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಇದೆ. ಅದು ಮನೆ ಖರ್ಚಿನ ಲೆಕ್ಕ. ಹೀಗಿದ್ದರೆ ಚೆನ್ನಾಗಿತ್ತು ಅನ್ನುವ ಲೆಕ್ಕ ಅಲ್ಲ, ಇರೋದು ಇರೋ ಹಾಗೆ ಬರೆದ ಲೆಕ್ಕ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಸರಿ. ಆದರೆ ಹಾಸಿಗೆ ಎಷ್ಟುದ್ದ ಇದೆ ಅಂತ ನಾವು ಅಳೆದಿರೋದೇ ಕಡಿಮೆ. ಇವತ್ತು ಅಳೆಯೋಣ.

ಬಿಗಿ ಲೆಕ್ಕ ಯಾಕೆ ಅಪಾಯ?

ಸಾಲದ ಭಯದಲ್ಲಿ ಲೆಕ್ಕ ಬರೆಯಲು ಕೂತಾಗ ನಾವು ಸಾಮಾನ್ಯವಾಗಿ ಮಾಡೋದು ಏನು? ಆದಾಯವನ್ನು ಒಳ್ಳೆಯ ತಿಂಗಳದ್ದು ಬರೀತೀವಿ, ಖರ್ಚನ್ನು ಕಡಿಮೆ ತಿಂಗಳದ್ದು ಬರೀತೀವಿ. ಹಬ್ಬ ಮಾಡಲ್ಲ, ಊರಿಗೆ ಹೋಗಲ್ಲ, ಯಾರಿಗೂ ಜ್ವರ ಬರಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡ್ತೀವಿ. ಆ ಲೆಕ್ಕ ಹಿಡ್ಕೊಂಡು ಬ್ಯಾಂಕಿಗೆ ಹೋಗಿ ‘ತಿಂಗಳಿಗೆ ಇಷ್ಟು ಕಟ್ತೀನಿ’ ಅಂತ ಮಾತು ಕೊಡ್ತೀವಿ. ಎರಡು ತಿಂಗಳು ಹೇಗೋ ನಡೆಯುತ್ತೆ. ಮೂರನೇ ತಿಂಗಳು ಶಾಲೆ ಫೀಸು ಬರುತ್ತೆ. ಕಂತು ತಪ್ಪುತ್ತೆ, ಮಾತು ತಪ್ಪುತ್ತೆ, ಮತ್ತೆ ಕೈಸಾಲ.

ಅಂದರೆ ತೀರಾ ಬಿಗಿಯಾದ ಬಜೆಟ್ ಶಿಸ್ತಿನ ಹಾಗೆ ಕಂಡರೂ ಕೊನೆಗೆ ಅದೇ ಹೊಸ ಸಾಲಕ್ಕೆ ದಾರಿ ಮಾಡುತ್ತೆ. ಇದೊಂದು ಮಾತು ನೆನಪಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಒಂದು ಮನೆಯ ಉದಾಹರಣೆ

ತುಮಕೂರಿನ ಒಂದು ಮನೆ ಅಂತ ಇಟ್ಟುಕೊಳ್ಳೋಣ. ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ. ಗಂಡ ಖಾಸಗಿ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಕೈಗೆ ಬರೋ ಸಂಬಳ 32,000 ರೂಪಾಯಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ.

ಮೊದಲ ಸಲ ಲೆಕ್ಕ ಬರೆದಾಗ ಹೊಲಿಗೆಯಿಂದ 11,000 ಅಂತ ಬರೆದರು. ಒಟ್ಟು ಆದಾಯ 43,000. ಬಾಡಿಗೆ 8,500, ರೇಷನ್, ತರಕಾರಿ, ಹಾಲು 9,500, ಗ್ಯಾಸು, ಕರೆಂಟು 1,000, ಮೊಬೈಲ್ 800, ಪೆಟ್ರೋಲ್ 2,500, ಅತ್ತೆಯ ಬಿಪಿ, ಶುಗರ್ ಮಾತ್ರೆ 1,800. ಒಟ್ಟು ಖರ್ಚು 24,100. ಉಳಿಕೆ 18,900 ರೂಪಾಯಿ! ಪರವಾಗಿಲ್ಲ, ನಿಭಾಯಿಸಬಹುದು ಅನ್ನಿಸುತ್ತೆ ಅಲ್ವಾ?

ಈಗ ಅದೇ ಲೆಕ್ಕ ಇನ್ನೊಮ್ಮೆ. ಈ ಸಲ ಊಹೆಯಿಂದ ಅಲ್ಲ, ಹಿಂದಿನ 12 ತಿಂಗಳ ಬ್ಯಾಂಕ್ ಪಾಸ್‌ಬುಕ್, ಯುಪಿಐ ಪಟ್ಟಿ, ಹೊಲಿಗೆಯ ಆರ್ಡರ್ ಪುಸ್ತಕ ಎದುರಿಗಿಟ್ಟುಕೊಂಡು.

ಹೊಲಿಗೆಯಲ್ಲಿ 11,000 ಬಂದದ್ದು ಮದುವೆ ಸೀಸನ್‌ನಲ್ಲಿ ಮಾತ್ರ. ಆಷಾಢದಲ್ಲಿ ಬಂದದ್ದು 4,000. ವರ್ಷದ ಒಟ್ಟು 84,000, ಅಂದರೆ ತಿಂಗಳಿಗೆ ಸರಾಸರಿ 7,000. ಹಾಗಾಗಿ ನಿಜವಾದ ಆದಾಯ 39,000. ಅತ್ತೆಗೆ ಗೃಹಲಕ್ಷ್ಮಿಯ 2,000 ಬರುತ್ತೆ, ಅದನ್ನೂ ಸೇರಿಸಬಹುದಲ್ಲ ಅಂತ ನೀವು ಕೇಳಬಹುದು. ಆ ಹಣ ಕೆಲವೊಮ್ಮೆ ತಡವಾಗಿ, ಎರಡು ಕಂತು ಒಟ್ಟಿಗೆ ಬರೋದುಂಟು. ತಿಂಗಳ ಬಾಡಿಗೆ, ಕಂತು ಅದರ ಮೇಲೆ ನಿಲ್ಲೋ ಹಾಗೆ ಲೆಕ್ಕ ಹಾಕಬೇಡಿ. ಬಂದಾಗ ಆಪತ್ತಿಗೆ ಅಂತ ಪಕ್ಕಕ್ಕಿಡಿ.

ಇನ್ನು ಖರ್ಚು. ತಿಂಗಳ 24,100 ಸರಿಯಾಗೇ ಇದೆ. ಬಿಟ್ಟುಹೋದದ್ದು ವರ್ಷಕ್ಕೊಮ್ಮೆ ಬರುವ ಖರ್ಚುಗಳು. ಶಾಲೆ ಫೀಸು 36,000. ಪುಸ್ತಕ, ಯೂನಿಫಾರ್ಮ್ 6,000. ಗೌರಿ-ಗಣೇಶ, ದೀಪಾವಳಿ, ಯುಗಾದಿಯ ಬಟ್ಟೆಬರೆ, ಅಡುಗೆ 9,000. ಬೈಕಿನ ಇನ್ಶೂರೆನ್ಸ್, ಸರ್ವೀಸು, ಟೈರು 6,000. ಮದುವೆ, ಗೃಹಪ್ರವೇಶದ ಮುಯ್ಯಿ ಮತ್ತು ಹೋಗಿ ಬರುವ ಬಸ್ ಚಾರ್ಜು 6,000. ಒಟ್ಟು 63,000. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 5,250. ಇದರ ಮೇಲೆ ಹೊಲಿಗೆಯ ದಾರ, ಗುಂಡಿ, ಮಿಷನ್ ರಿಪೇರಿಗೆ 650, ಆಸ್ಪತ್ರೆ ಅಥವಾ ಅನಿರೀಕ್ಷಿತ ಖರ್ಚಿಗೆ 1,000.

ಎಲ್ಲ ಸೇರಿ 31,000. ಉಳಿಕೆ 8,000 ರೂಪಾಯಿ.

ನೋಡಿ, ಮೊದಲ ಲೆಕ್ಕದಲ್ಲಿ 18,900, ಎರಡನೆಯದರಲ್ಲಿ 8,000. ಈ ಮನೆಯವರು ದುಂದುವೆಚ್ಚ ಮಾಡಿದವರಲ್ಲ. ಮುಯ್ಯಿ ಬಿಡಿ, ಹಬ್ಬ ಬಿಡಿ ಅಂತ ಹೇಳೋದು ಸುಲಭ. ಕಡಿಮೆ ಮಾಡಬಹುದು, ಮಾಡಲೂಬೇಕು. ಆದರೆ ಸೊನ್ನೆ ಅಂತ ಬರೆದರೆ ಅದು ಸುಳ್ಳು ಲೆಕ್ಕ.

ಈಗ ಸಾಲದ ಪುಟ

ಲೆಕ್ಕದ ಎರಡನೇ ಪುಟದಲ್ಲಿ ಸಾಲಗಳನ್ನು ಬರೀರಿ. ಯಾರಿಗೆ, ಅಸಲು ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಎಷ್ಟು, ಅಡಮಾನ ಇದೆಯಾ, ಜಾಮೀನು ಯಾರು. ಕೈಸಾಲ, ಚೀಟಿಯ ಬಾಕಿ, ಅಕ್ಕನ ಹತ್ತಿರ ತಗೊಂಡ ಒಡವೆ, ಎಲ್ಲವೂ ಬರಬೇಕು. ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ನೆನಪಿಗೆ ಬಾರದಿದ್ದರೆ ಕ್ರೆಡಿಟ್ ರಿಪೋರ್ಟ್ ತರಿಸಿಕೊಳ್ಳಿ. ಸಿಬಿಲ್ ಸೇರಿದಂತೆ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು.

ನಮ್ಮ ಉದಾಹರಣೆಯ ಮನೆಯಲ್ಲಿ ವೈಯಕ್ತಿಕ ಸಾಲ 4,20,000, ಕಂತು 14,200. ಎರಡು ಕ್ರೆಡಿಟ್ ಕಾರ್ಡ್ ಬಾಕಿ 1,60,000, ಕನಿಷ್ಠ ಕಟ್ಟಬೇಕಾದ್ದು 8,000. ಸಂಘದ ಸಾಲ 45,000, ವಾರಕ್ಕೆ 1,150, ಅಂದರೆ ತಿಂಗಳಿಗೆ ಸುಮಾರು 5,000. ವಾರದ ಕಂತನ್ನು ನಾಲ್ಕರಿಂದ ಗುಣಿಸಬೇಡಿ. ವರ್ಷಕ್ಕೆ 52 ವಾರ, ಹಾಗಾಗಿ 52ರಿಂದ ಗುಣಿಸಿ 12ರಿಂದ ಭಾಗಿಸಿ. ಕೊನೆಗೆ ಕೈಸಾಲ 1,50,000, ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ 4,500.

ಒಟ್ಟು ಸಾಲ 7,75,000. ತಿಂಗಳಿಗೆ ಕಟ್ಟಬೇಕಾದ್ದು 31,700. ಕೈಯಲ್ಲಿ ಉಳಿಯೋದು 8,000.

ಉಳಿಕೆಯ ಅಂಕಿ ಏನು ಹೇಳುತ್ತೆ?

ಇಲ್ಲಿ ಮೂರು ಸಾಧ್ಯತೆಗಳಿವೆ.

ಒಂದು, ಉಳಿಕೆ ಎಲ್ಲ ಕಂತುಗಳಿಗಿಂತ ಜಾಸ್ತಿ ಇದ್ದರೆ ದಿವಾಳಿಯ ಮಾತೇ ಬೇಡ. ಹೊಸ ಸಾಲ ನಿಲ್ಲಿಸಿ, ದುಬಾರಿ ಬಡ್ಡಿಯ ಸಾಲ ಮೊದಲು ತೀರಿಸಿದರೆ ಸಾಕು.

ಎರಡು, ಉಳಿಕೆ ಕಂತಿಗಿಂತ ಕಡಿಮೆ, ಆದರೆ ಬಡ್ಡಿಗಿಂತ ಜಾಸ್ತಿ. ಆಗ ಅವಧಿ ವಿಸ್ತರಿಸಿ ಕಂತು ಇಳಿಸಿಕೊಡಿ ಅಂತ ಬ್ಯಾಂಕನ್ನು ಕೇಳಬಹುದು. ನಿಧಾನವಾದರೂ ಸಾಲ ಕರಗುತ್ತೆ.

ಮೂರು, ಉಳಿಕೆ ಬಡ್ಡಿಗೂ ಸಾಲದು. ನಮ್ಮ ಉದಾಹರಣೆ ಇದೇ. ಕಾರ್ಡಿಗೆ ತಿಂಗಳಿಗೆ ಶೇ 3.5ರಂತೆ 5,600 ಬಡ್ಡಿ, ಕೈಸಾಲಕ್ಕೆ 4,500. ಇವೆರಡೇ 10,100 ಆಯ್ತು. ಉಳಿಕೆ 8,000. ಅಂದರೆ ಒಂದು ಕಂತೂ ತಪ್ಪಿಸದೆ ಒದ್ದಾಡಿದರೂ ಸಾಲ ಪ್ರತಿ ತಿಂಗಳು ಬೆಳೆಯುತ್ತಲೇ ಇರುತ್ತೆ. ಇಲ್ಲಿ ಇನ್ನಷ್ಟು ಬಿಗಿ ಮಾಡುತ್ತೀವಿ ಅನ್ನೋದು ಪರಿಹಾರ ಅಲ್ಲ. ಆಸ್ತಿ, ಸೈಟು, ಒಡವೆ ಮಾರೋದು, ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಳ್ಳೋದು ಅಥವಾ ದಿವಾಳಿ ಅರ್ಜಿ, ಇವುಗಳಲ್ಲಿ ಒಂದನ್ನು ಯೋಚಿಸಲೇಬೇಕು. ರಾಜಿ ಮಾಡಿಕೊಂಡರೆ ಕ್ರೆಡಿಟ್ ವರದಿಯಲ್ಲಿ ಸಾಲ ಪೂರ್ತಿ ತೀರಿಸದೆ ಇತ್ಯರ್ಥ ಆಯ್ತು ಅಂತ ದಾಖಲಾಗುತ್ತೆ. ಹೊಸ ಸಾಲ ಸಿಗೋದು ಕಷ್ಟ. ಆದರೆ ಈ ಹಂತದಲ್ಲಿ ಹೊಸ ಸಾಲ ಸಿಗದೇ ಇರೋದೂ ಒಂದು ರೀತಿಯಲ್ಲಿ ಒಳ್ಳೇದೇ.

ಕಾನೂನಿನಲ್ಲಿ ದಿವಾಳಿ ಅಂದರೆ

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೆ ಮಾತ್ರ. ನಮ್ಮ ಉದಾಹರಣೆಯಂಥ ಮನೆಗೆ ಕರ್ನಾಟಕದಲ್ಲಿ ಅನ್ವಯಿಸೋದು ಹಳೆಯ ಕಾನೂನು, 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಹೋಗೋದು ಜಿಲ್ಲಾ ಮಟ್ಟದ ಸಿವಿಲ್ ನ್ಯಾಯಾಲಯಕ್ಕೆ.

ಅರ್ಜಿಯಲ್ಲಿ ಎಲ್ಲ ಸಾಲಗಾರರ ಹೆಸರು, ವಿಳಾಸ, ಬಾಕಿ ಮೊತ್ತ, ನಿಮ್ಮ ಆಸ್ತಿಯ ವಿವರ ಮತ್ತು ಬೆಲೆ ಕೊಡಬೇಕು. ನೀವು ಬರೆದ ಎರಡನೇ ಪುಟ ಇಲ್ಲಿ ಕೆಲಸಕ್ಕೆ ಬರುತ್ತೆ. ನ್ಯಾಯಾಲಯ ದಿವಾಳಿ ಅಂತ ಘೋಷಿಸಿದರೆ ನಿಮ್ಮ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್ ಸುಪರ್ದಿಗೆ ಹೋಗುತ್ತೆ. ಆಮೇಲೆ, ನ್ಯಾಯಾಲಯ ಹೇಳಿದ ಅವಧಿಯೊಳಗೆ ಋಣಮುಕ್ತಿಗೆ ಬೇರೆ ಅರ್ಜಿ ಹಾಕಬೇಕು. ಮುಂದಿನ ದುಡಿಮೆಯಲ್ಲಿ ಇಷ್ಟು ಭಾಗ ಸಾಲಕ್ಕೆ ಕೊಡಬೇಕು ಅಂತ ಷರತ್ತು ಹಾಕಿ ಋಣಮುಕ್ತಿ ಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆಗ ನಿಮ್ಮ ಮೊದಲ ಪುಟ, ಅಂದರೆ ಮನೆ ಖರ್ಚಿನ ಲೆಕ್ಕ, ನಿಮ್ಮ ಊಟದ ಪ್ರಶ್ನೆಯಾಗುತ್ತೆ. ‘18,900 ಉಳಿಯುತ್ತೆ’ ಅಂತ ಬರೆದಿದ್ದರೆ ಅದನ್ನೇ ಹಿಡಿದು ಕೇಳ್ತಾರೆ.

ಎಲ್ಲವನ್ನೂ ಕಿತ್ತುಕೊಳ್ತಾರಾ? ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಅಗತ್ಯ ಉಡುಪು, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಧಾರ್ಮಿಕ ಸಂಪ್ರದಾಯದಂತೆ ಹೆಂಗಸರು ತೆಗೆಯಲಾಗದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ. ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. 32,000 ಸಂಬಳ ಅಂತ ಹಿಡಿದರೆ ಜಪ್ತಿಗೆ ಸಿಗೋದು ಹೆಚ್ಚೆಂದರೆ ಸುಮಾರು 10,300.

ದಿವಾಳಿಯಿಂದ ಬಗೆಹರಿಯದ ವಿಷಯಗಳೂ ಇವೆ. ಮನೆ, ಒಡವೆ ಅಡಮಾನ ಇಟ್ಟುಕೊಂಡವರಿಗೆ ಅದರ ಮೇಲಿನ ಹಕ್ಕು ಹಾಗೇ ಇರುತ್ತೆ. ಸರ್ಕಾರಕ್ಕೆ ಕೊಡಬೇಕಾದ ಬಾಕಿ ಉಳಿಯುತ್ತೆ. ಮುಖ್ಯವಾಗಿ, ನಿಮಗೆ ಋಣಮುಕ್ತಿ ಸಿಕ್ಕಿದರೂ ನಿಮಗೆ ಜಾಮೀನು ನಿಂತವರಿಗೆ ಸಿಗಲ್ಲ. ಅವರು ನಿಮ್ಮ ಅಣ್ಣನೋ ಗೆಳೆಯನೋ ಆಗಿದ್ದರೆ ಅರ್ಜಿ ಹಾಕುವ ಮೊದಲೇ ಕೂತು ಮಾತಾಡಿ.

ಈ ಎರಡು ಕೆಲಸ ಮಾಡಬೇಡಿ

ಮೊದಲನೆಯದು, ಸೈಟನ್ನು ಹೆಂಡತಿ ಹೆಸರಿಗೋ ಬಾಮೈದನ ಹೆಸರಿಗೋ ದಾನಪತ್ರ ಮಾಡೋದು. ಹಾಗೆ ವರ್ಗಾಯಿಸಿದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದು ಘೋಷಣೆಯಾದರೆ ನ್ಯಾಯಾಲಯ ಆ ಪತ್ರವನ್ನೇ ರದ್ದು ಮಾಡಬಹುದು. ಎರಡನೆಯದು, ‘ಹೇಗೂ ಅರ್ಜಿ ಹಾಕ್ತೀವಿ, ಅದಕ್ಕೆ ಮುಂಚೆ ಮಾವನ ಸಾಲ ತೀರಿಸಿಬಿಡೋಣ’ ಅನ್ನೋದು. ಒಬ್ಬರಿಗೇ ಅನುಕೂಲ ಆಗಲಿ ಅಂತ ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಕೊಟ್ಟ ಹಣವನ್ನೂ ನ್ಯಾಯಾಲಯ ವಾಪಸ್ ಕೇಳಬಹುದು. ಆಸ್ತಿ, ಲೆಕ್ಕಪತ್ರ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ.

ಲೆಕ್ಕ ಮಾಡೋಕೂ ಬಿಡದಿದ್ದರೆ?

ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತಿದ್ದರೆ ಯಾರಿಗೆ ತಾನೇ ಲೆಕ್ಕ ಹೊಳೆಯುತ್ತೆ? ಆರ್‌ಬಿಐ ನಿಯಮದಂತೆ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಆ ಸಮಯ ಬೆಳಿಗ್ಗೆ 9ರಿಂದ ಸಂಜೆ 6. ಬೈಯೋದು, ಬೆದರಿಸೋದು, ನೆಂಟರ ಮುಂದೆ ಮರ್ಯಾದೆ ತೆಗೆಯೋದು ಯಾವ ಹೊತ್ತಿನಲ್ಲೂ ತಪ್ಪು. ಸಣ್ಣ ಸಾಲಗಳ ವಸೂಲಿಯಲ್ಲಿ ದಬ್ಬಾಳಿಕೆ ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಕಾನೂನು ತಂತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ. ಪೊಲೀಸರಿಗೆ ದೂರು ಕೊಡಬಹುದು.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ. ಸಹಾಯವಾಣಿ 15100. ಸಾಲದ ಯೋಚನೆಯಲ್ಲಿ ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿನಲ್ಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕಟ್ಟುವ ಶಕ್ತಿಯೇ ಇಲ್ಲದವರನ್ನು ಬರೀ ಬಡತನದ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ.

ಹಾಗಾದರೆ ಈ ವಾರದ ಕೆಲಸ ಇಷ್ಟು. ಒಂದು ನೋಟ್‌ಬುಕ್ ತಗೊಳ್ಳಿ. ಗಂಡ, ಹೆಂಡತಿ ಇಬ್ಬರೂ ಕೂತು, ಒಬ್ಬರನ್ನೊಬ್ಬರು ದೂರದೆ, 12 ತಿಂಗಳ ಲೆಕ್ಕ ಬರೀರಿ. ಬರೆದ ಮೇಲೆ ಒಂದು ತಿಂಗಳು ಹಾಗೇ ನಡೆಸಿ ನೋಡಿ. ತಿಂಗಳ ಕೊನೆಯಲ್ಲಿ ಲೆಕ್ಕ ಮತ್ತು ಕೈಯಲ್ಲಿರೋ ದುಡ್ಡು ಸರಿಸುಮಾರು ತಾಳೆಯಾದರೆ, ಆಗ ಆ ಉಳಿಕೆಯ ಅಂಕಿಯನ್ನು ನಂಬಿ. ಬ್ಯಾಂಕಿಗೆ ಹೋಗೋದಾ, ವಕೀಲರ ಹತ್ತಿರ ಹೋಗೋದಾ ಅನ್ನೋದನ್ನು ಅದೇ ಹೇಳುತ್ತೆ.